ಹನ್ನೆರಡನೆಯ ಬಾಟಲಿ

ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ ಬಾಟಲಿ ಮೇಡಂ ಎಂದೇ ಹೆಸರು. ಪ್ರತಿ ಸೋಮವಾರ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಹನ್ನೆರಡು ಬಾಟಲಿ ಇಟ್ಟುಕೊಂಡು ಹೊರಡುತ್ತಿದ್ದಳು. ಕ್ರಿಮಿ ಸಾಯಲೆಂದು ನಲ್ಲಿಯ ಬಾಯಿಗೆ ಬೆಂಕಿ ತೋರಿಸಿ, ಮೂರು ನಿಮಿಷ ನೀರು ಹರಿಯಬಿಟ್ಟು, ಬೆರಳು ತಾಗದಂತೆ ಬಾಟಲಿ ತುಂಬಿಸಿ, ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿ, ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕುವುದು ಅವಳ ಕೆಲಸ. ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಆ ಅಚ್ಚುಕಟ್ಟೇ ಅವಳನ್ನು ಕೆಡಿಸಿತು ಎಂದರೂ ತಪ್ಪಿಲ್ಲ.

ಹನ್ನೆರಡನೆಯ ಬಾಟಲಿ ಕೊಳವೆಯ ಕೊನೆಯ ನಲ್ಲಿಯದಾಗಬೇಕು ಎಂದು ನಿಯಮ. ಕೊಳವೆ ಮುಗಿಯುವಲ್ಲಿ ನೀರು ನಿಂತು ಹಳಸುತ್ತದೆ, ಕ್ಲೋರಿನ್ ಇಲ್ಲವಾಗುತ್ತದೆ, ಒತ್ತಡ ಇಳಿದಾಗ ಬಿರುಕಿನಿಂದ ಚರಂಡಿ ನೀರು ಒಳಗೆ ಬರುತ್ತದೆ. ಹನ್ನೊಂದು ವರ್ಷದ ಹಿಂದೆ ಕೊನೆಯ ಬೀದಿಯ ಬಾಟಲಿ ಎರಡು ವಾರ ಸತತವಾಗಿ ಫೇಲಾಯಿತು. ಕಚೇರಿಯ ಅಪಾಯಗಳ ಪಟ್ಟಿಯಲ್ಲಿ ಆ ಬೀದಿಗೆ ಕೆಂಪು ಬಣ್ಣ ಬಿತ್ತು. ಮೂರನೆಯ ಸಲವೂ ಫೇಲಾದರೆ ಮೇಲಿನವರಿಗೆ ಬರೆಯಬೇಕು, ಬೀದಿ ಅಗೆಯಬೇಕು, ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಜನರಿಗೆ ಹೇಳಬೇಕು. ಇಂಜಿನಿಯರ್ ತಲೆ ಮೇಲೆ ಕೈ ಹೊತ್ತು ಕೂತರು.

ದಾರಿ ತೋರಿಸಿದವಳು ಇವಳೇ. “ಸರ್, ಕೊನೆ ನಲ್ಲಿ ಅಂತ ಇದೆ, ಯಾವ ಮನೇದು ಅಂತ ಇಲ್ಲ. ಅಗ್ನಿಶಾಮಕ ಠಾಣೆ ನಲ್ಲೀನೂ ನಕ್ಷೇಲಿ ಅದೇ ಕೊಳವೆ ಮೇಲೇ ಬರುತ್ತೆ. ಅದನ್ನೇ ಕೊನೇದು ಅಂತ ಬರ್ಕೊಂಡ್ರಾಯ್ತು,” ಎಂದಳು.

ಠಾಣೆ ಇರುವುದು ಕೊನೆಯ ಬೀದಿಗಿಂತ ಅರ್ಧ ಮೈಲಿ ಹಿಂದೆ. ಅಲ್ಲಿ ದಿನವೂ ವಾಹನಗಳಿಗೆ ನೀರು ತುಂಬುತ್ತಾರೆ, ಹಾಗಾಗಿ ನೀರು ನಿಲ್ಲುವ ಮಾತೇ ಇಲ್ಲ. ಮುಂದಿನ ಸೋಮವಾರದಿಂದ ಹನ್ನೆರಡನೆಯ ಬಾಟಲಿಯನ್ನು ಅಲ್ಲೇ ತುಂಬಿಸತೊಡಗಿದಳು; ಬಾಟಲಿ ಪಾಸಾಯಿತು, ಪಟ್ಟಿ ಹಸಿರಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಾವು ಕೊಳವೆಯೊಳಗೇ ಉಳಿಯಿತು, ಅಷ್ಟೆ. ಮುಂದಿನ ವರ್ಷ ರಿಪೇರಿ ಮಾಡಿಸಿಯೇ ಮಾಡಿಸುತ್ತಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕಚೇರಿಗಳಲ್ಲಿ ಮುಂದಿನ ವರ್ಷ ಎನ್ನುವುದು ಬಹಳ ಉದ್ದ.

ನಾಲ್ಕು ವರ್ಷದ ಹಿಂದೆ ಅವಳ ಅಕ್ಕ ಅದೇ ಕೊನೆಯ ಬೀದಿಯಲ್ಲಿ ಮನೆ ಮಾಡಿದಳು. ಬೇಡ ಎಂದರೆ ಕಾರಣ ಹೇಳಬೇಕಲ್ಲ. “ನೀರು ಕಾಯಿಸಿ ಕುಡೀರಿ,” ಎಂದಷ್ಟೇ ಒಮ್ಮೆ ಅಂದಿದ್ದಳು. ಅಕ್ಕ ನಕ್ಕುಬಿಟ್ಟಳು.

“ನೀನು ಸಹಿ ಹಾಕಿದ ನೀರನ್ನ ನಾನ್ಯಾಕೆ ಕಾಯಿಸ್ಲಿ? ಹಾಗಾದ್ರೆ ನಿನಗೆ ಸಂಬಳ ಕೊಡೋದು ಯಾತಕ್ಕೆ?”

ಇವಳೂ ನಕ್ಕಳು. ಆ ನಗು ನೆನಪಾದರೆ ಅವಳಿಗೆ ಈಗಲೂ ತನ್ನ ಮೇಲೆ ಹೇಸಿಗೆ ಹುಟ್ಟುತ್ತದೆ.

ಈ ವರ್ಷ ಅಕ್ಕನ ಮಗಳು ಬಸುರಿಯಾಗಿ ತಾಯಿಯ ಹತ್ತಿರ ಇರಲು ಬಂದಳು. ಐದೇ ವಾರಕ್ಕೆ ಅವಳ ಕಣ್ಣು ಹಳದಿಯಾಯಿತು. ನೀರಿನಿಂದ ಬಂದ ಕಾಮಾಲೆ, ಬಸುರಿಯರ ಪಾಲಿಗೆ ಇದು ಯಮ, ಎಂದರು ಡಾಕ್ಟರು. ಹುಡುಗಿ ಉಳಿದಳು, ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ಆಸ್ಪತ್ರೆಯವರು ವರದಿ ಕಳಿಸಿದ್ದರಿಂದ ವಿಚಾರಣೆ ಬಂತು. ತನಿಖಾಧಿಕಾರಿ, ಇಂಜಿನಿಯರ್, ದಾಖಲೆ ಹೊತ್ತ ಬಾಟಲಿ ಮೇಡಂ, ಮೂವರೂ ಅಕ್ಕನ ಮನೆಯ ಮುಂಗೋಣೆಯಲ್ಲಿ ಕೂತರು. ಹಿಂದಿನ ದಿನವಿಡೀ ಅವಳು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ್ದಳು: ಈ ಬೀದಿಯ ನೀರನ್ನು ನಾವು ಪರೀಕ್ಷಿಸುತ್ತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹೇಳದಿದ್ದರೆ ಕೊಳವೆ ಹಾಗೇ ಇರುತ್ತದೆ.

ಅಧಿಕಾರಿ ಪುಟ ತಿರುವಿದರು. “ಹತ್ತು ವರ್ಷದಲ್ಲಿ ಒಂದೂ ಫೇಲಿಲ್ಲವಲ್ಲ. ಮೇಡಂ, ನೀವೇನಾದ್ರೂ ಹೇಳೋದಿದೆಯಾ?”

“ಸರ್...” ಎಂದಳು. ಇಂಜಿನಿಯರ್ ಕೆಮ್ಮಿದರು.

ಬಾಗಿಲ ಬಳಿ ನಿಂತಿದ್ದ ಅಕ್ಕ ಮುಂದೆ ಬಂದಳು. “ಅವಳನ್ನ ಯಾಕೆ ಕೇಳ್ತೀರಿ ಸ್ವಾಮಿ? ತಪ್ಪು ನಂದು. ಮನೆ ಮೇಲಿನ ಟ್ಯಾಂಕ್ ತೊಳೆದು ವರ್ಷ ಆಯ್ತು. ಮುಚ್ಚಳಾನೂ ಒಡೆದಿತ್ತು.”

ಇಂಜಿನಿಯರಿಗೆ ಹೋದ ಜೀವ ಬಂದಂತಾಯಿತು. ಅಧಿಕಾರಿ ಹೇಳಿಕೆ ಬರೆಯತೊಡಗಿದರು. ಬಾಯಿ ಬಿಡಲು ತಂಗಿಗೆ ಇನ್ನೂ ಹೊತ್ತಿತ್ತು. ಅವರು ಬರೆದು ಮುಗಿಸುವ ತನಕ, ಅಕ್ಕ ಕನ್ನಡಕ ಹುಡುಕಿ ಸಹಿ ಹಾಕುವ ತನಕ ಹೊತ್ತಿತ್ತು. ಸಾಕ್ಷಿಗೆ ಒಬ್ಬರು ಬೇಕು ಎಂದಾಗ, “ನೀನೇ ಹಾಕು,” ಎಂದು ಅಕ್ಕ ಕಾಗದವನ್ನು ಅವಳ ಕಡೆ ತಳ್ಳಿದಾಗಲೂ ಇತ್ತು. ಅವಳು ಸಹಿ ಹಾಕಿದಳು. ಹನ್ನೊಂದು ವರ್ಷದ ಅಭ್ಯಾಸ, ಸಹಿ ಎಂದಿನಂತೆ ಅಚ್ಚುಕಟ್ಟಾಗಿತ್ತು.

ಗಂಡಸರಿಬ್ಬರೂ ಜೀಪು ಹತ್ತಿ ಹೋದರು. ಒಳಕೋಣೆಯಲ್ಲಿ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಂಗಿ ಮೆಲ್ಲಗೆ ಅಕ್ಕನ ಕೈ ಹಿಡಿದಳು.

“ಅಕ್ಕ, ಟ್ಯಾಂಕ್ ನಿಜವಾಗ್ಲೂ...”

ಅಕ್ಕ ಕೈ ಬಿಡಿಸಿಕೊಂಡಳು. “ತಿಂಗಳಿಗೊಂದ್ಸಲ ತೊಳೀತೀನಿ. ಮುಚ್ಚಳ ಗಟ್ಟಿಯಾಗಿದೆ. ಬೇಕಾದ್ರೆ ಹತ್ತಿ ನೋಡು.”

“ಮತ್ತೆ ಯಾಕೆ ಹಾಗಂದೆ?”

“ಆಸ್ಪತ್ರೇಲಿ ಕೂತು ಯೋಚ್ನೆ ಮಾಡ್ದೆ. ನಾಲ್ಕು ವರ್ಷದಲ್ಲಿ ನೀನು ಈ ಬೀದಿಗೆ ಊಟಕ್ಕೆ ಬಂದಿದೀಯ, ಹರಟೆಗೆ ಬಂದಿದೀಯ. ಬಾಟಲಿ ಹಿಡ್ಕೊಂಡು ಒಂದು ಸಲಾನೂ ಬಂದಿಲ್ಲ.” ಅಕ್ಕನ ಧ್ವನಿ ಏರಲಿಲ್ಲ. “ಬೀದಿಯೋರಿಗೆ ಕಾಯಿಸಿ ಕುಡೀರಿ ಅಂತ ನಾನೇ ಮನೆಮನೆಗೆ ಹೋಗಿ ಹೇಳ್ತೀನಿ. ಅಮ್ಮ ಸಾಯೋವಾಗ ನಿನ್ನ ನೋಡ್ಕೋ ಅಂದಿದ್ಲು. ನೋಡ್ಕೊಂಡೆ. ಇವತ್ತಿಗೆ ಅದು ಮುಗೀತು.”

ಇವಳು ಏನೋ ಹೇಳಲು ಹೋದಳು. ಅಕ್ಕ ಆಗಲೇ ಬಾಗಿಲು ತೆರೆದು, ಇವಳು ಹೊರಗೆ ಹೋಗಲೆಂದು ಪಕ್ಕಕ್ಕೆ ಸರಿದು ನಿಂತಿದ್ದಳು.