ಹಲ್ಲಿಗೆ ಹಚ್ಚುವ ಪುಡಿ

ಮಂಡ್ಯದ ಹತ್ತಿರದ ದುದ್ದ ಎಂಬ ಊರಿನ ಬೋರಯ್ಯನಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಕಡಿಮೆ. ಇದ್ದ ನಂಬಿಕೆಯೆಲ್ಲ ಹಲ್ಲಿನ ಮೇಲೆ. ಎತ್ತು ಕೊಳ್ಳುವವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಎತ್ತಿನ ಮೂತಿ ಹಿಡಿದು ಬಾಯಿ ಅಗಲಿಸಿ ಒಂದು ಸಲ ಒಳಗೆ ನೋಡಿದನೆಂದರೆ ಅದರ ವಯಸ್ಸು, ಅದರ ಮೈಗಳ್ಳತನ, ಮಾರುವವನ ಸುಳ್ಳು ಎಲ್ಲವೂ ಹೊರಗೆ ಬೀಳುತ್ತಿತ್ತು. ವಿದ್ಯೆಯನ್ನು ಎತ್ತಿಗಷ್ಟೇ ಇಟ್ಟುಕೊಂಡಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮಹಾರಾಯ ಅದನ್ನು ಮಗಳು ಇಂದ್ರಮ್ಮನಿಗೆ ಗಂಡು ಹುಡುಕುವುದಕ್ಕೂ ಹಚ್ಚಿದ. ಬಂದ ಗಂಡಿಗೆ ಜಮೀನೆಷ್ಟು ಎಂದು ಕೇಳುವ ಮೊದಲೇ ಬಾಯಿ ನೋಡುತ್ತಿದ್ದ.

ಇದಕ್ಕೆಲ್ಲ ಕಾರಣ ಟೀ. ಮಂಡ್ಯ ಆಗ ತಾನೇ ಜಿಲ್ಲೆಯಾಗಿತ್ತು. ಟೀ ಕಂಪನಿಯವರು ಮೋಟಾರು ಗಾಡಿಯಲ್ಲಿ ಗ್ರಾಮಾಫೋನು ಹಾಡಿಸಿಕೊಂಡು ಊರೂರಿಗೆ ಬಂದು ಪುಕ್ಕಟೆ ಟೀ ಕುಡಿಸಿ ಹೋಗುತ್ತಿದ್ದರು. ಬಿಟ್ಟಿ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ ನಾವು. ಊರಿಗೆ ಊರೇ ಸಾಲು ನಿಂತು ಕುಡಿಯಿತು. ಬೋರಯ್ಯ ಮಾತ್ರ ಗಾಡಿಗೆ ಬೆನ್ನು ತಿರುಗಿಸಿ ನಿಂತ.

"ಟೀ ಕುಡ್ದೋನ ಅಲ್ಲು ತುಕ್ಕು ಇಡೀತದೆ. ಅಲ್ಲೇ ತುಕ್ಕು ಇಡ್ದ ಮೇಲೆ ಬಾಳು ನೆಟ್ಟಗಿದ್ದಾತಾ? ಅಂತೋನ್ಗೆ ನನ್ ಮಗಳ್ನ ಕೊಡಾಕಿಲ್ಲ" ಎಂದು ಅರಳಿಕಟ್ಟೆಯಲ್ಲಿ ಎಲ್ಲರ ಮುಂದೆ ಸಾರಿಬಿಟ್ಟ.

ಈ ಮಾತು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಸಿದ್ದರಾಮುವಿನ ಕಿವಿಗೆ ಬಿದ್ದಾಗ ಅವನು ತೂಕ ಬರೆಯುವುದನ್ನೇ ಮರೆತ. ಅವನು ಇಂದ್ರಮ್ಮನನ್ನು ಕಂಡದ್ದು ಒಂದೇ ಸಲ, ನೆಂಟರ ಮದುವೆಯಲ್ಲಿ. ಬಡಿಸಲು ಬಂದವಳು ಬೇಡ ಬೇಡವೆಂದರೂ ಕೇಳದೆ ಅವನ ಎಲೆಗೆ ಇನ್ನೊಂದು ಮುದ್ದೆ ಹಾಕಿ ಹೋಗಿದ್ದಳು. ಅಂದಿನಿಂದ ಅವನಿಗೆ ಬೇರೆ ಹೆಣ್ಣು ಹೆಣ್ಣಾಗಿ ಕಾಣಲಿಲ್ಲ. ಆದರೆ ಹೊತ್ತುಹೊತ್ತಿಗೆ ಟೀ ಕುಡಿದು ಕುಡಿದು ಅವನ ಹಲ್ಲು ಹುಣಸೆಹಣ್ಣು ಕಾಣದ ಹಿತ್ತಾಳೆ ಚೊಂಬಿನ ಹಾಗಾಗಿದ್ದವು. ಹೆಣ್ಣು ಕೇಳಲು ದುದ್ದಕ್ಕೆ ಹೋದ ಅವನ ತಾಯಿ ಬೆಳ್ಳಮ್ಮ, "ನಮ್ ಉಡ್ಗ ಟೀ ಮೂಸೂ ನೋಡಿಲ್ಲ ಕಣಣ್ಣ" ಎಂದು ಬೋರಯ್ಯನ ಮುಂದೆ ಹೇಳಿ ಬಂದಿದ್ದಳು. ಬುಧವಾರ ಗಂಡನ್ನು ಕರೆದುಕೊಂಡು ಬಾ, ನೋಡೋಣ ಎಂದು ಬೋರಯ್ಯ ಒಪ್ಪಿದ್ದ.

ಸಿದ್ದರಾಮುವಿನ ಪಾಡು ಅಲ್ಲಿಂದ ಶುರುವಾಯಿತು. ಇದ್ದಿಲು ಪುಡಿಗೆ ಉಪ್ಪು ಸೇರಿಸಿ ಉಜ್ಜಿದ. ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ವಸಡಿನಲ್ಲಿ ರಕ್ತ ಬರಿಸಿಕೊಂಡ. ನಿಂಬೆಹುಳಿ ಹಾಕಿ ಉಜ್ಜಿದ ದಿನ ಹಲ್ಲೆಲ್ಲ ಜುಮ್ಮೆಂದು ಏನನ್ನೂ ಅಗಿಯಲಾಗಲಿಲ್ಲ. ಮುದ್ದೆ ಅಗಿಯುವ ಪದಾರ್ಥವಲ್ಲದ್ದರಿಂದ ಉಪವಾಸ ಬೀಳಲಿಲ್ಲ, ಅಷ್ಟೇ. ವರ್ಷಗಟ್ಟಲೆ ಕೂತ ಕರೆ ನಾಲ್ಕು ದಿನದಲ್ಲಿ ಎದ್ದು ಹೋಗುತ್ತದೆಯೇ? ಇಷ್ಟೆಲ್ಲ ಉಜ್ಜಿ, ಸುಸ್ತಾಯಿತೆಂದು ಸ್ಟೇಷನ್ ಹತ್ತಿರ ಪೀರ್ ಪಾಷಾನ ಅಂಗಡಿಗೆ ಹೋಗಿ ಮತ್ತೆ ಟೀ ಕುಡಿಯುತ್ತಿದ್ದ. ಅವನ ಬುದ್ಧಿವಂತಿಕೆಗೆ ಏನು ಹೇಳೋಣ!

ಮಂಗಳವಾರ ಸಂಜೆಯೂ ಅದೇ ಅಂಗಡಿಗೆ ಹೋದ. ಪಾಷಾನ ಹೆಂಡತಿ ಜಾನ್ ಬೀ ಹಲ್ಲಿಗೆಂದು ಏನೋ ಪುಡಿ ಮಾಡುತ್ತಾಳೆ ಎಂದು ಕಾರ್ಖಾನೆಯಲ್ಲಿ ಯಾರೋ ಅಂದದ್ದು ಅವನ ತಲೆಯಲ್ಲಿತ್ತು. ಅಂಗಡಿ ತುಂಬ ಜನ. ನಾಚಿಕೆಯಿಂದ ಪಾಷಾನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ.

"ಪಾಷಣ್ಣ, ಮದ್ವೆ ವಿಸ್ಯ. ನಿಮ್ಮನೇಲಿ ಅಲ್ಲಿಗೆ ಅಚ್ಚೋ ಪುಡಿ ಮಾಡ್ತಾರಂತಲ್ಲ, ಒಂದ್ ಪೊಟ್ಣ ಕೊಡ್ಸು."

ಪಾಷಾ ಟೀ ಸೋಸುತ್ತಲೇ ಅಂಗಡಿ ಹಿಂದಿನ ಪರದೆಯ ಕಡೆ ತಿರುಗಿ ಕೂಗಿದ. "ಶಾದಿಗಂತೆ! ಹಲ್ಲಿಗೆ ಹಚ್ಚೋ ಪುಡಿ ಕೊಡು!"

"ಶಾದಿಗಾ? ಮುಬಾರಕ್!" ಎಂದಳು ಪರದೆಯ ಆಚೆಯಿಂದ ಜಾನ್ ಬೀ, ಖುಷಿಯಾಗಿ. "ಹಚ್ಕೊಂಡು, ಮೇಲೆ ವೀಳ್ಯದೆಲೆ ಹಾಕ್ಕೊಳ್ಳೋಕೆ ಹೇಳಿ. ಒಳ್ಳೆ ಚಮಕ್ ಬರ್ತದೆ." ಪರದೆಯ ಸಂದಿಯಿಂದ ಒಂದು ಪೊಟ್ಟಣ ಬಂತು.

ನಮ್ಮಲ್ಲಿ ಹಲ್ಲನ್ನು ಉಜ್ಜುತ್ತಾರೆ. ಹಚ್ಚುವುದು ಅರಿಶಿನ, ಮದರಂಗಿ, ಸುಣ್ಣ. ಹಲ್ಲಿಗೆ ಹಚ್ಚುವುದು ಎಂದರೆ, ಅದೂ ಮದುವೆಗೆ ಎಂದರೆ, ಜಾನ್ ಬೀಗೆ ತಿಳಿದದ್ದು ಒಂದೇ: ಮಿಸ್ಸಿ. ಕಬ್ಬಿಣದ ಪುಡಿ, ಅಳಲೆಕಾಯಿ ಎಲ್ಲ ಸೇರಿಸಿ ಅರೆದು, ಅವರ ಕಡೆಯ ಮದುಮಗಳ ಹಲ್ಲು ಕಪ್ಪಗೆ ಮಿರಮಿರನೆ ಮಿಂಚಲೆಂದು ಬಳಿಯುವ ಪುಡಿ. ಪಾಪ, ಸಿದ್ದರಾಮು ನಾಚಿಕೆಯಲ್ಲಿ ಒಂದು ಕ್ರಿಯಾಪದ ತಪ್ಪಿದ್ದ. ಮನೆಗೆ ಬಂದು ಪೊಟ್ಟಣ ಬಿಚ್ಚಿ ಕಪ್ಪು ಪುಡಿ ಕಂಡಾಗಲೂ ಅವನಿಗೆ ಅನುಮಾನ ಬರಲಿಲ್ಲ. ಹಲ್ಲು ಬೆಳ್ಳಗೆ ಮಾಡುವ ಇದ್ದಿಲೂ ಕಪ್ಪೇ ತಾನೇ!

ಬುಧವಾರ ಬೆಳಗ್ಗೆ ದಪ್ಪಗೆ ಹಚ್ಚಿಕೊಂಡು, ಎಲೆ ಜಗಿದು, ಉಗಿದು, ಕನ್ನಡಿ ನೋಡಿದ. ಮೊದಲೇ ಟೀ ಕುಡಿದ ಹಲ್ಲು. ಅದಕ್ಕೆ ಕಬ್ಬಿಣ ಸೇರಿದರೆ ಕೇಳಬೇಕೇ? ಬಾಯಿಯೊಳಗೆ ಅಮಾವಾಸ್ಯೆ. ಉಪ್ಪು ಹಾಕಿ ಉಜ್ಜಿದ, ಬೂದಿ ಹಾಕಿ ಉಜ್ಜಿದ, ಹೋಗಲಿಲ್ಲ. ಬಸ್ಸಿಗೆ ಹೋಗುವ ದಾರಿಯಲ್ಲಿ ತಾಯಿ ಮಗ ಇಬ್ಬರೂ ಪಾಷಾನ ಅಂಗಡಿಗೆ ಓಡಿದರು. ಪರದೆ ಸರಿಸಿ ನೋಡಿದ ಜಾನ್ ಬೀ ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ದುಲ್ಹನ್‌ಗೆ ಅಂತ ಕೊಟ್ರೆ ದುಲ್ಹಾನೇ ಹಚ್ಕೊಂಡನಲ್ಲ! ಅದು ಇವತ್ತು ಹೋಗೋದಲ್ಲ ಬೇಟಾ, ದಿನ ಕಳೆದ ಹಾಗೆ ತಾನೇ ಬಿಡ್ತದೆ" ಎಂದಳು. ಅಯ್ಯೋ ಎನ್ನುತ್ತಲೇ ಅವಳಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

"ದುದ್ದದಲ್ಲಿ ಬಾಯಿ ಬುಡಬ್ಯಾಡ ಕಣ್ಲಾ," ಎಂದಳು ಬೆಳ್ಳಮ್ಮ. "ಮಾತೆಲ್ಲ ನಾನಾಡ್ತೀನಿ."

ಬೋರಯ್ಯನ ಜಗಲಿಯಲ್ಲಿ ಸಿದ್ದರಾಮು ತುಟಿ ಬಿಗಿದು ಕೂತ. ಮೂಲೆಯಲ್ಲಿ ಬೋರಯ್ಯನ ತಾಯಿ ದೇವಿರಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಹೆಂಡತಿ ಸತ್ತ ಮೇಲೆ ಬೋರಯ್ಯನ ಮನೆಯನ್ನೂ ಮಗಳನ್ನೂ ನೋಡಿಕೊಂಡವಳು ಈ ಮುದುಕಿಯೇ. ಇಂದ್ರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಬಂದು ಪಾನಕ ಕೊಟ್ಟು ಬಾಗಿಲ ಪಕ್ಕ ನಿಂತಳು. ಸಿದ್ದರಾಮು ತುಟಿ ತೆರೆಯಲಾಗದೆ ಲೋಟ ಹಿಡಿದೇ ಕೂತ. ಇವಳು ನನಗೆ ಸಿಗುವುದಿಲ್ಲ ಎಂದು ಅವನಿಗೆ ಅಳು ಬರುವಂತಾಯಿತು.

"ಪ್ಯಾಕ್ಟ್ರೀಲಿ ಏನಪ್ಪಾ ಕೆಲ್ಸ?" ಎಂದು ಕೇಳಿದ ಬೋರಯ್ಯ.

"ಉಂ," ಎಂದ ಸಿದ್ದರಾಮು.

"ಅವ್ನು ಮೌನ ಇಡ್ದವ್ನೆ ಕಣಣ್ಣ," ಎಂದಳು ಬೆಳ್ಳಮ್ಮ. "ಸೋಮ್ವಾರ ಮಾತಾಡಾಕಿಲ್ಲ. ಸಿವನ ವಾರ."

"ಇವತ್ತು ಬುಧ್ವಾರ ಕಣವ್ವ."

ಬೆಳ್ಳಮ್ಮ ಪಾನಕದ ಲೋಟವನ್ನು ಬಾಯಿಗಿಟ್ಟುಕೊಂಡಳು. ಬೋರಯ್ಯ ಎದ್ದು ಬಂದು, ಎತ್ತಿಗೆ ಹಿಡಿದ ಹಾಗೇ ಸಿದ್ದರಾಮುವಿನ ಗದ್ದ ಹಿಡಿದ. "ಬಾಯಿ ತಗಿ." ಬೇರೆ ದಾರಿಯಿಲ್ಲದೆ ಅವನು ತೆಗೆದ.

ಬೋರಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಏನ್ಲಾ ಇದು! ತುಕ್ಕು ಇಡ್ದಿರೋದ ನೋಡಿವ್ನಿ, ಇದು ಸುಟ್ಟೇ ಓಗ್ಯದಲ್ಲೋ!"

ಬಾಯಿ ಬಿಟ್ಟದ್ದು ಬಿಟ್ಟಾಗಿತ್ತು. ಇನ್ನು ಮುಚ್ಚಿ ಏನು ಫಲ ಎಂದು ಸಿದ್ದರಾಮು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. "ನಾನು ಟೀ ಕುಡೀತೀನಿ ಗೌಡ್ರೇ. ದಿನಾ ಕುಡೀತೀನಿ. ನಮ್ಮವ್ವ ಸುಳ್ಳು ಏಳಿದ್ಲು. ಅಲ್ಲು ಬೆಳ್ಳಗ್ ಮಾಡ್ಕಳಾಕೆ ಓಗಿ, ಇಟ್ಟಿಗೆ, ನಿಂಬೆಉಳಿ ಎಲ್ಲ ಆಕಿ ತಿಕ್ಕಿ, ಕೊನೀಗೆ ಸಾಬ್ರ ಮನೆ ಮದುವಣಗಿತ್ತಿ ಅಚ್ಕಳೋ ಪುಡಿ ಅಚ್ಕಂಬುಟ್ಟೆ. ನಿಮ್ ಮಗಳು ಕೈತಪ್ಪೋಯ್ತಾಳೆ ಅಂತ ಭಯ ಆಗಿತ್ತು. ಬೈಯಾದಾದ್ರೆ ಬೈಯ್ರಿ."

ಮದುವಣಗಿತ್ತಿ ಎಂಬ ಮಾತು ಬಿದ್ದದ್ದೇ ತಡ, ಬಾಗಿಲ ಪಕ್ಕದಲ್ಲಿ ನಗು ಸಿಡಿಯಿತು. ಇಂದ್ರಮ್ಮ ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ನಕ್ಕಳು. ಬಾಯಿಗಿದ್ದ ಸೆರಗು ಯಾವಾಗಲೋ ಜಾರಿತ್ತು. ಹೊರಗಿನ ಬಿಸಿಲು ನೇರ ಅವಳ ಮುಖದ ಮೇಲಿತ್ತು. ಬೋರಯ್ಯ ಮಗಳ ಹಲ್ಲು ನೋಡಿದ. ಸಂದುಸಂದಿನಲ್ಲೂ ಕಂದು ಕರೆ.

"ಇಂದ್ರೀ... ನಿನ್ ಅಲ್ಲಿಗೇನವ್ವಾ ಆಯ್ತು?"

ಇಂದ್ರಮ್ಮ ತಟ್ಟನೆ ಬಾಯಿ ಮುಚ್ಚಿಕೊಂಡಳು. ಉತ್ತರ ಕೊಟ್ಟವಳು ದೇವಿರಮ್ಮ. "ಟೀ ಕುಡ್ದದೆ ಕಣ್ಲಾ ಬೋರ. ನೀನು ಗದ್ದೆಗೆ ಓದ ಮೇಲೆ ದಿನಾ ನಾನೇ ಕಾಯಿಸ್ಕೊಡ್ತೀನಿ. ನಾನೂ ಕುಡೀತೀನಿ. ನಂಗೆ ಅಲ್ಲೇ ಇಲ್ಲ, ತುಕ್ಕು ಇಡ್ಯಾಕೆ ಏನದೆ?"

"ಮತ್ತೆ ಇಸ್ಟು ದಿನ ನನ್ ಕಣ್ಣಿಗೆ ಬೀಳ್ಲೇ ಇಲ್ವಲ್ಲವ್ವಾ?"

"ಎಂಗ್ ಬಿದ್ದಾತು? ನೀನು ಒಸ್ಲು ದಾಟಿದ್ರೆ ಸಾಕು, ಸೆರಗು ಬಾಯಿಗೆ ಓಯ್ತದೆ. ಆ ಕೂಸು ನಿನ್ ಮುಂದೆ ನಕ್ಕು ಎಸ್ಟು ಕಾಲಾಯ್ತು, ನಿಂಗೆ ಗ್ಯಾನ ಅದಾ?"

ಬೋರಯ್ಯ ಜಗಲಿಯ ಮೇಲೆ ಕೂತ. ತಾನು ಬಂದ ಕೂಡಲೇ ಮಗಳು ಬಾಯಿಗೆ ಸೆರಗು ಹಿಡಿಯುವುದನ್ನು ಅವನೂ ಕಂಡಿದ್ದ. ನನ್ನ ಮಗಳಿಗೆ ಎಂಥ ನಾಚಿಕೆ, ಎಂಥ ನಡತೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದ. ತಾಯಿಯಿಲ್ಲದ ಕೂಸು ತನಗೆ ಹೆದರಿ ನಗುವುದನ್ನೇ ಬಿಟ್ಟಿತ್ತು. ಊರ ಎತ್ತಿನ ಬಾಯೆಲ್ಲ ನೋಡಿದವನಿಗೆ ಅದು ಕಂಡಿರಲಿಲ್ಲ. ಅವನಿಗೆ ದುಃಖ ಒತ್ತರಿಸಿ ಬಂತು.

"ನಾನು ಅದ್ನ ಮರ್ವಾದೆ ಅನ್ಕಂಡಿದ್ದೆ ಕಣವ್ವ," ಎಂದ ಮೆಲ್ಲಗೆ.

ಬೋರಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ತನ್ನ ಮೇಲೆ ಬಂದ ಸಿಟ್ಟನ್ನು ಎಲ್ಲಾದರೂ ಹಾಕಬೇಕಲ್ಲ, ಎದುರಿಗಿದ್ದವನು ಸಿದ್ದರಾಮು.

"ಏನ್ಲಾ, ಟೀ ಕುಡ್ದಾದ್ಮೇಲೆ ಒಂದ್ ಬಾಯಿ ನೀರು ಆಕಿ ಮುಕ್ಕುಳ್ಸಾಕೆ ನಿಂಗೇನ್ ರೋಗ? ಎತ್ತು ಕೂಡ ಉಲ್ಲು ತಿಂದು ನೀರು ಕುಡೀತದೆ! ಇಟ್ಟಿಗೆ, ನಿಂಬೆಉಳಿ ಆಕಿ ತಿಕ್ಕಿದ್ರೆ ಅಲ್ಲೇ ಸವೀತದೆ, ಕರೆಯಲ್ಲ. ಬೇವಿನ ಕಡ್ಡಿ ಜಗ್ದು ಕುಂಚ ಮಾಡ್ಕಂಡು ದಿನಾ ಮೆತ್ತಗೆ ಉಜ್ಜು. ಕರೆ ಎಂಗೆ ಕೂತ್ಕತೋ ಅಂಗೇ ನಿಧಾನಕ್ಕೆ ಏಳ್ತದೆ. ಇಂದ್ರೀ, ಈ ಮಾತು ನಿಂಗೂ ಸೇರ್ದಂಗೆ."

ಬೆಳ್ಳಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. "ಅಂಗಾರೆ ಅಣ್ಣ, ಅಲ್ಲು ಬೆಳ್ಳಗಾದ ಮ್ಯಾಕೆ ಬಂದು ಲಗ್ನದ ಮಾತಾಡ್ಲಾ?"

ಇಂದ್ರಮ್ಮನ ಕೈ ಮತ್ತೆ ಸೆರಗಿಗೆ ಹೋಗಿತ್ತು. ಬೋರಯ್ಯ ಎದ್ದು ಹೋಗಿ ಆ ಕೈ ಹಿಡಿದು ಕೆಳಗಿಳಿಸಿದ.

"ಅಲ್ಲು ಬೆಳ್ಳಗಾಗೋಗಂಟ ಯಾಕವ್ವಾ ಕಾಯೋದು? ಈ ಉಡ್ಗನ್ನ ನೋಡಿ ನನ್ ಕೂಸು ನಕ್ಕದೆ. ನನ್ ಮುಂದೇನೇ ನಕ್ಕದೆ. ಓಗು, ಲಗ್ನ ಕಟ್ಸು."

ಸಿದ್ದರಾಮು ಮೈಮರೆತು ಕರಿ ಹಲ್ಲೆಲ್ಲ ಬಿಟ್ಟು ನಕ್ಕ. ಇಂದ್ರಮ್ಮ ಅವನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅಪ್ಪನ ಮುಖ ನೋಡುತ್ತಲೇ ಬಾಯಿ ತುಂಬ ನಕ್ಕಳು.