ಬಾಯಿ ಬಿಟ್ಟವನ ಚೌಕ

ಅಪ್ಪನಿಗೆ ಅವಳು ಭಾಷೆ ಕೊಟ್ಟಾಗ ಅವಳಿಗಿನ್ನೂ ತನ್ನ ಜಡೆ ತಾನೇ ಹೆಣೆದುಕೊಳ್ಳಲು ಬರುತ್ತಿರಲಿಲ್ಲ.

ಅಪ್ಪ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಹೊರಗೆ ಬೆಂಚಿನ ಮೇಲೆ ಕಾದು ಕೂತವರು ಕೊಟ್ಟ ಲಕೋಟೆಯನ್ನು ಒಳಗಿನ ಮೇಜಿಗೆ ಮುಟ್ಟಿಸುವುದೂ ಅವನ ಕೆಲಸಗಳಲ್ಲೊಂದು. ಒಂದು ದಿನ ಬೆಂಚಿಗೂ ಮೇಜಿಗೂ ನಡುವೆ, ಕಾರಿಡಾರಿನಲ್ಲಿ, ಅವನನ್ನು ಹಿಡಿದರು. ಲಕೋಟೆ ಆಗ ಅವನ ಕೈಯಲ್ಲಿತ್ತು. ಅದು ಯಾರ ಕೈಯಿಂದ ಹೊರಟಿತ್ತು, ಯಾರ ಕೈಗೆ ಸೇರಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಅಲ್ಲಿ ಉಪ್ಪು ತಿಂದವರಿಗೆ ಬಡ್ತಿ ಸಿಕ್ಕಿತು, ನೀರು ಕುಡಿದವನು ಅಪ್ಪ.

ಕೆಲಸ ಹೋದ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅವಳು ಆ ಬೆನ್ನಿಗೇ ಹೇಳಿದ್ದಳು: "ಅಪ್ಪಾ, ನಾನು ದೊಡ್ಡೋಳಾದ್ಮೇಲೆ ಇಸ್ಕೊಂಡೋರನ್ನ ಹಿಡೀತೀನಿ, ಕೊಡಿಸಿದೋರನ್ನ ಹಿಡೀತೀನಿ. ಹೊತ್ಕೊಂಡು ಹೋದೋನ್ನ ಮಾತ್ರ ಮುಟ್ಟಲ್ಲ."

ಅಪ್ಪ ಮಗ್ಗಲು ಬದಲಿಸಿ ಅಂಗೈ ಚಾಚಿದ. "ಭಾಷೆ?"

"ಭಾಷೆ," ಎಂದು ಅವಳು ಆ ಕೈಮೇಲೆ ಕೈ ಹಾಕಿದ್ದಳು.

ಈಗ ಅವಳ ತಲೆಯಲ್ಲೂ ಬಿಳಿಕೂದಲು ಇಣುಕುತ್ತಿದೆ. ಹೊಟ್ಟೆಪಾಡು ಅದೇ ದಾರಿಯದು: ಬೇರೆಯವರ ಕಂಪನಿಗೆ ಹೋಗಿ, ಅಲ್ಲಿ ಲಂಚ ಎಲ್ಲೆಲ್ಲಿ ನುಸುಳಬಹುದು, ಎಷ್ಟು ಆಳಕ್ಕೆ ಇಳಿದಿರಬಹುದು ಎಂದು ತೂಗಿ ಹೇಳುವುದು. ಅದಕ್ಕೊಂದು ನಕ್ಷೆ. ಕಂಪನಿಯ ಒಂದೊಂದು ಹುದ್ದೆಗೂ ಒಂದೊಂದು ಚೌಕ. ಅಪಾಯವಿಲ್ಲದ್ದು ಹಸಿರು, ಅನುಮಾನವಿದ್ದದ್ದು ಹಳದಿ, ಖಚಿತವಾದದ್ದು ಕೆಂಪು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಳಕೋಣೆಯಿಂದ ಅಪ್ಪನ ದನಿ: "ಏನಮ್ಮಾ ಪೊಲೀಸಪ್ಪಾ, ಇವತ್ತು ಯಾರನ್ನ ಹಿಡಿದೆ?" ಅವಳ ಉತ್ತರವೂ ದಿನಾ ಒಂದೇ: "ಇಲಿ ಹಿಡಿದೆ. ಹೆಗ್ಗಣ ತಪ್ಪಿಸ್ಕೊಂಡಿತು." ಮಗಳು ಪುಟ್ಟಿಗೂ ಈ ಸಂಭಾಷಣೆ ಬಾಯಿಪಾಠವಾಗಿತ್ತು.

ಆ ನಕ್ಷೆಗೆ ಒಂದು ಕಟ್ಟಳೆಯಿತ್ತು, ಅದನ್ನು ತಂದವಳೂ ಇವಳೇ. ಹೇಳಿಕೆಯಿಲ್ಲದೆ ಬಣ್ಣವಿಲ್ಲ. ಎದುರು ಕೂತು ತಾವೇ ಬಾಯಿಬಿಟ್ಟು ಒಪ್ಪಿಕೊಳ್ಳುವ ತನಕ ಯಾರ ಚೌಕವೂ ಹಸಿರಿನಿಂದ ಕದಲಕೂಡದು. ಗಾಳಿಮಾತಿಗೆ ಯಾವ ಬಡಪಾಯಿಯ ಮುಖಕ್ಕೂ ಮಸಿ ಬಳಿಯಬಾರದೆಂದು, ಅಪ್ಪನನ್ನು ನೆನೆದೇ ಅವಳು ಅದನ್ನು ಹಟ ಹಿಡಿದು ಜಾರಿಗೆ ತಂದಿದ್ದಳು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಕಲಿಸುತ್ತಿದ್ದಳು.

ಈ ಸಲ ಸಿಕ್ಕಿದ್ದು ಕಟ್ಟಡಗಳಿಗೆ ಲಿಫ್ಟ್ ಕೂರಿಸುವ ಕಂಪನಿ. ಅದನ್ನು ಕೊಳ್ಳಲು ದೊಡ್ಡ ಕುಳವೊಂದು ಮುಂದೆ ಬಂದಿತ್ತು; ಕೊಳ್ಳುವ ಮುನ್ನ ಒಳಗಿನ ಹುಳುಕು ತಿಳಿಯಬೇಕೆಂದು ಅವಳ ಸಂಸ್ಥೆಯವರನ್ನು ಕಳಿಸಿತ್ತು. ಪ್ರತಿ ಲಿಫ್ಟಿಗೂ ತಪಾಸಣೆ ಆಗಬೇಕು, ಪರವಾನಗಿ ಸಿಗಬೇಕು. ಉಳಿದ ಕಂಪನಿಗಳು ತಿಂಗಳುಗಟ್ಟಲೆ ಅಲೆಯುವಲ್ಲಿ ಈ ಕಂಪನಿಗೆ ಮಾತ್ರ ವಾರದಲ್ಲಿ ಸಿಗುತ್ತಿತ್ತು.

ಗಾಜಿನ ಕೋಣೆಯಲ್ಲಿ ಕೂತು ಅವಳು ಒಬ್ಬೊಬ್ಬರನ್ನೇ ಕರೆದಳು. ಲೆಕ್ಕದ ಮುಖ್ಯಸ್ಥೆ, "ನಮ್ಮಲ್ಲಿ ಅದೆಲ್ಲ ಇಲ್ವೇ ಇಲ್ಲ," ಎಂದಳು. ಮಾರಾಟದವನು ಎದೆಯ ಮೇಲೆ ಕೈಯಿಟ್ಟುಕೊಂಡ. ಮಾಲೀಕರು ಪಿಂಗಾಣಿ ಲೋಟದಲ್ಲಿ ಟೀ ತರಿಸಿಕೊಟ್ಟು, "ನಮ್ಮದು ಗಾಜಿನಂಥ ಕಂಪನಿ, ನೋಡಿ," ಎಂದು ಸುತ್ತಲಿನ ಗಾಜನ್ನೇ ತೋರಿಸಿದರು. ಹಸಿರು, ಹಸಿರು, ಹಸಿರು.

ಕೊನೆಗೆ ಬಂದವನು ಪರವಾನಗಿಗಾಗಿ ಓಡಾಡುವ ಮನುಷ್ಯ. ಎಲ್ಲ ಬಾಗಿಲೂ ತೆರೆಸುತ್ತಾನೆಂದು ಇಡೀ ಕಂಪನಿ ಅವನನ್ನು ಕೀಲಿಕೈ ಎಂದೇ ಕರೆಯುತ್ತಿತ್ತು. ಗರಿಗರಿ ಅಂಗಿ, ಜೇಬಿನಲ್ಲಿ ಬಾಚಣಿಗೆ, ಬಾಯಿ ತುಂಬ ಮಾತು.

"ಹೆದರ್ಕೋಬೇಡಿ," ಎಂದಳು ಅವಳು. "ಇಲ್ಲಿ ಹೇಳಿದ್ದರಿಂದ ನಿಮಗೇನೂ ಆಗಲ್ಲ." ಎಲ್ಲರಿಗೂ ಹೇಳುವ ಮಾತು, ಹೇಳುವಾಗ ಅವಳು ಅದನ್ನು ನಂಬಿಯೇ ಹೇಳುತ್ತಿದ್ದಳು.

"ಹೆದರೋಕೆ ನಾನೇನು ಕದ್ದಿದೀನಾ ಮೇಡಂ? ಲಿಫ್ಟ್ ಹಗ್ಗದ ಮೇಲೆ ಓಡುತ್ತೆ ಅಂತ ನಿಮ್ಮೋರು ತಿಳ್ಕೊಂಡಿದಾರೆ. ಓಡೋದು ಕವರ್ ಮೇಲೆ. ಕೊಡ್ತೀವಿ. ಎಲ್ಲರಿಗೂ ಗೊತ್ತು."

"ನೀವೇ ಕೊಡ್ತೀರಾ?"

"ಮತ್ತಿನ್ಯಾರು, ಸಾಹೇಬ್ರು ಹೋಗಿ ಕೌಂಟರಲ್ಲಿ ನಿಲ್ತಾರಾ? ನಾನೂ ನಡುವೆ ಒಂಚೂರು ನೆಕ್ಕಿದೀನಿ, ಸುಳ್ಳು ಯಾಕೆ? ಜೇನು ಕಿತ್ತವನು ಕೈ ನೆಕ್ಕದೆ ಬಿಡ್ತಾನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಹಾಗೇ ಪೆನ್ನು ಕೆಳಗಿಟ್ಟು ಕೇಳಿದಳು: "ಕೊಡು ಅಂತ ಹೇಳೋರು ಯಾರು?"

ಕೀಲಿಕೈ ಅವಳನ್ನು ಕನಿಕರದಿಂದ ನೋಡಿದ. "ಅಂಥ ಮಾತನ್ನ ಯಾರಾದ್ರೂ ಬಾಯಲ್ಲಿ ಹೇಳ್ತಾರಾ ಮೇಡಂ? ಸಾಹೇಬ್ರು ಒಂದೇ ಮಾತು ಕೇಳೋದು, 'ಸೋಮವಾರ ಲಿಫ್ಟ್ ಓಡುತ್ತೇನಯ್ಯಾ?' ನಾನು 'ಓಡುತ್ತೆ ಸಾರ್' ಅಂತೀನಿ. ಅದಾದ್ಮೇಲೆ ಲೆಕ್ಕದ ಅಮ್ಮ ನನ್ನ ಮೇಜಿನ ಮೇಲೆ ಕವರ್ ಇಟ್ಟು ಕಿಟಕಿ ಕಡೆ ನೋಡ್ತಾಳೆ. ಮುಗೀತು."

ಅವಳು ಮತ್ತೆ ಮಾಲೀಕರ ಕೋಣೆಗೆ ಹೋದಳು. "ಲಿಫ್ಟ್ ಓಡುತ್ತಾ ಅಂತ ಕೇಳಿದೀನಿ, ಹೌದು," ಎಂದರು ಅವರು. "ಲಿಫ್ಟ್ ಕಂಪನಿ ಇಟ್ಕೊಂಡು ಇನ್ನೇನು ವಿಮಾನ ಹಾರುತ್ತಾ ಅಂತ ಕೇಳ್ಲಾ?" ಲೆಕ್ಕದ ಮುಖ್ಯಸ್ಥೆ ಯಾವ ಕವರನ್ನೂ ಕಂಡಿರಲಿಲ್ಲ. ಆದರೆ ಈಗ ಎಲ್ಲರಿಗೂ ನೆನಪು ಮರುಕಳಿಸಿತ್ತು: ಕೀಲಿಕೈಯದು ಮೊದಲಿಂದಲೂ ಸ್ವಲ್ಪ ಹಾಗೇ, ಅವನ ಅಂಗಿ ನೋಡಿದ್ದೀರಾ? ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು.

ಅವಳು ತನ್ನ ಕಚೇರಿಗೆ ಮರಳಿ ಮಾಲೀಕರ ಚೌಕಕ್ಕೂ ಲೆಕ್ಕದವಳ ಚೌಕಕ್ಕೂ ಕೆಂಪು ತುಂಬಿದಳು. ಅವಳ ಸಂಸ್ಥೆಯ ಹಿರಿಯ ಪಾಲುದಾರರು ನಕ್ಷೆಯನ್ನು ದೂರ ಹಿಡಿದು ನೋಡಿದರು.

"ಲೆಕ್ಕದಮ್ಮ ಇಲ್ಲ ಅಂತಾಳೆ. ಮಾಲೀಕರು ಕೇಳಿದ್ದು ಒಂದು ಪ್ರಶ್ನೆ. ಪ್ರಶ್ನೆಗೆ ಬಣ್ಣ ಹಚ್ಚೋಕಾಗುತ್ತೇನಮ್ಮಾ? ಹೇಳಿಕೆಯಿಲ್ಲದೆ ಬಣ್ಣವಿಲ್ಲ. ಕಟ್ಟಳೆ ಯಾರದ್ದು?"

"ನನ್ನದೇ ಸಾರ್. ಆದ್ರೆ ಹೀಗಾದ್ರೆ ನಿಜ ಹೇಳಿದೋನೊಬ್ಬನೇ ಕೆಂಪು, ಸುಳ್ಳು ಹೇಳಿದೋರೆಲ್ಲ ಹಸಿರು. ಅವನ ಮಾತೊಂದನ್ನೇ ಹಿಡಿದು ಅವನನ್ನೇ ತೆಗೆದುಹಾಕ್ತಾರೆ."

"ಅವನು ಕೊಟ್ಟಿದ್ದು ಸುಳ್ಳಾ?"

"ಇಲ್ಲ."

"ನಡುವೆ ನೆಕ್ಕಿದ್ದು?"

ಅವಳು ನಕ್ಷೆಯನ್ನು ತನ್ನತ್ತ ಎಳೆದುಕೊಂಡಳು. "ನಾನು ಇದಕ್ಕೆ ಸಹಿ ಹಾಕಲ್ಲ ಸಾರ್," ಎಂದಳು ಆಮೇಲೆ.

ಅವರು ರೇಗಲಿಲ್ಲ. ರೇಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಹಾಕಬೇಡ. ನಿನ್ನ ಜೊತೆಗಾರ ಹಾಕ್ತಾನೆ. ಸಹಿ ಬದಲಾಗುತ್ತೆ, ಬಣ್ಣ ಅದೇ. ಕೂತು ಯೋಚನೆ ಮಾಡು, ವರದಿ ಹೋಗದೆ ಇವತ್ತು ಯಾರೂ ಮನೆಗೆ ಹೋಗೋ ಹಾಗಿಲ್ಲ."

ಅವಳು ಕೂತಳು. ಒಬ್ಬೊಬ್ಬರೇ ಬಂದು ಅವಳ ಮೇಜಿನತ್ತ ಕಣ್ಣು ಹಾಯಿಸಿ ಹೋದರು. ಅವಳಿಂದಾಗಿ ಎಲ್ಲರೂ ಕಟ್ಟುಬಿದ್ದಿದ್ದರು. ಅಷ್ಟರಲ್ಲಿ ಶಾಲೆಯಿಂದ ಫೋನ್.

"ಅಮ್ಮಾ, ಎಲ್ಲರೂ ಹೋದ್ರು. ಆಯಾ ದೀಪ ಆರಿಸ್ತಿದಾರೆ. ನೀನು ಎಲ್ಲಿದೀಯಾ?"

"ಬಂದೆ ಪುಟ್ಟಿ. ಗೇಟ್ ಹತ್ರನೇ ಇರು, ಎಲ್ಲೂ ಹೋಗ್ಬೇಡ."

"ನಿನ್ನೆನೂ ಹೀಗೇ ಅಂದಿದ್ದೆ."

ಕೀಲಿಕೈಗೆ ಫೋನ್ ಮಾಡಿ ಎಚ್ಚರಿಸಬೇಕೆಂದು ಅವಳಿಗೆ ಒಮ್ಮೆ ಅನ್ನಿಸಿತು. ಏನೆಂದು ಎಚ್ಚರಿಸುವುದು? ಚೀಲ ಹೆಗಲಿಗೇರಿಸಿ, ನಿಂತುಕೊಂಡೇ ಎರಡು ಚೌಕಗಳನ್ನು ಹಸಿರಿಗೆ ತಿರುಗಿಸಿ, ಕೀಲಿಕೈಯ ಕೆಂಪನ್ನು ಹಾಗೇ ಬಿಟ್ಟು ಸಹಿ ಹಾಕಿದಳು. ಮೆಟ್ಟಿಲಿಳಿಯುವಾಗ ಅವಳ ಮನಸ್ಸಿನಲ್ಲಿದ್ದದ್ದು ಶಾಲೆಯ ಗೇಟೊಂದೇ.

ಮಾರಾಟ ಮುಗಿದ ಮೇಲೆ ಕೊನೆಯ ಸಭೆಗೆ ಮತ್ತೆ ಆ ಕಂಪನಿಗೆ ಹೋಗಬೇಕಾಯಿತು. ಇನ್ನೂ ಅದೇ ಕುರ್ಚಿಯಲ್ಲಿದ್ದ ಹಳೆಯ ಮಾಲೀಕರು ಕೈ ಕುಲುಕಿ, ಇದ್ದೊಂದು ಕೊಳೆತ ಹಣ್ಣು ಕಿತ್ತೆಸೆದಿದ್ದೇವೆ ಎಂದರು. ಪರವಾನಗಿ ಕೆಲಸವನ್ನೀಗ ಹೊರಗಿನ ಏಜೆನ್ಸಿಯೊಂದಕ್ಕೆ ವಹಿಸಿದ್ದರು. ಹೊರಗಿನವರಿಗೆ ನಕ್ಷೆಯಲ್ಲಿ ಚೌಕವಿಲ್ಲ. ಪರವಾನಗಿ ಈಗಲೂ ವಾರದಲ್ಲೇ ಸಿಗುತ್ತಿತ್ತು.

ಕೆಳಗೆ ಬಾಗಿಲ ಬಳಿ ಕೀಲಿಕೈ ನಿಂತಿದ್ದ, ಬಾಕಿ ಸಂಬಳಕ್ಕೆ ಬಂದಿದ್ದನಂತೆ. ಕಾವಲಿನವನು ಒಳಗೆ ಬಿಟ್ಟಿರಲಿಲ್ಲ. ಅಂಗಿಗೆ ಅವತ್ತೂ ಗರಿಗರಿ ಇಸ್ತ್ರಿ.

"ನಮಸ್ಕಾರ ಮೇಡಂ. ನೋಡಿದ್ರಾ, ಕೀಲಿಕೈಗೇ ಬಾಗಿಲು ತೆಗೀತಿಲ್ಲ." ಹೇಳಿ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ, "ಏನೂ ಆಗಲ್ಲ ಅಂದಿದ್ರಿ," ಎಂದ.

ಅವಳು ಚೀಲದ ಪಟ್ಟಿ ಹಿಡಿದು ಬಾಗಿಲ ಕಡೆ ಹೆಜ್ಜೆ ಹಾಕಿದಳು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ.

ಮನೆಯಲ್ಲಿ ಅವಳು ಚಪ್ಪಲಿ ಬಿಡುವ ಮೊದಲೇ ಒಳಕೋಣೆಯಿಂದ ದನಿ ಬಂತು. "ಏನಮ್ಮಾ ಪೊಲೀಸಪ್ಪಾ, ಇವತ್ತು ಯಾರನ್ನ ಹಿಡಿದೆ?"

"ಇಲಿ ಹಿಡಿದ್ಲು, ಹೆಗ್ಗಣ ತಪ್ಪಿಸ್ಕೊಂಡಿತು," ಎಂದು ಪುಟ್ಟಿ ರಾಗವಾಗಿ ಹೇಳಿತು.

"ಹೊತ್ಕೊಂಡು ಹೋದೋನ್ನ ಹಿಡಿದೆ ಅಪ್ಪಾ," ಎಂದಳು ಅವಳು.

ಒಳಗೆ ಮಂಚ ಕಿರುಗುಟ್ಟಿತು, ಅಪ್ಪ ಗೋಡೆಯ ಕಡೆ ತಿರುಗಿಕೊಂಡಿದ್ದ.

ಅಪ್ಪನಿಗೆ ಕೊಟ್ಟ ಭಾಷೆಯನ್ನು ಅವಳು ಉಳಿಸಿಕೊಳ್ಳಲಿಲ್ಲ.