ಗಡಿಗೆ ಒಡೆಯುವ ಮುನ್ನ

ಜಿನೀವಾದವರಿಗೆ ಬಾಯಿ ಜಾಸ್ತಿ ಎಂದು ಉಳಿದ ಸ್ವಿಸ್ ಜನ ನಮ್ಮನ್ನು ಆಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ನಿಜ. ಬಂದವರಿಗೆ ಊರು ತೋರಿಸುವುದು ನನ್ನ ಕಸುಬು, ಬಾಯಿ ಮುಚ್ಚಿಕೊಂಡು ಮಾಡುವಂಥದ್ದಲ್ಲ. ಆದರೆ ಆ ಡಿಸೆಂಬರ್ ಶುಕ್ರವಾರ ನನಗೆ ಬಂದ ಸಿಟ್ಟು ಬರೀ ಬಾಯಿಯದಲ್ಲ, ಹೊಟ್ಟೆಯೊಳಗಿನದು. ಇನ್ನೂ ಆರಿಲ್ಲ.

ಬೆಳಿಗ್ಗೆ ಗಯೆತಾನ್ ಫೋನ್ ಮಾಡಿದ. ದೇಶದೇಶಗಳ ಬಾವುಟಗಳ ಸಾಲಿನ ಹಿಂದೆ ಇರುವ ನೂರೆಂಟು ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಒಂದರಲ್ಲಿ ಸಭೆಗಳನ್ನು ಏರ್ಪಡಿಸುವುದು, ನಡಾವಳಿ ಬರೆಯುವುದು ಅವನ ಕೆಲಸ. ನಮ್ಮ ಕಟ್ಟಡದಲ್ಲೇ ಬೆಳೆದವನು. ಮೂಗು ಸುರಿಸಿಕೊಂಡು ಮೆಟ್ಟಿಲ ಮೇಲೆ ಆಡುತ್ತಿದ್ದಾಗಿನಿಂದ ಗೊತ್ತು.

"ಓಡಿಲ್, ಶಾಂತಸಾಗರದ ಯಾವುದೋ ದ್ವೀಪದಿಂದ ಒಬ್ರು ವಯಸ್ಸಾದವರು ಬಂದಿದಾರೆ. ಮೂರು ಗಂಟೆಗೆ ಸಮಿತಿ ಮುಂದೆ ಮಾತಾಡ್ತಾರೆ, ರಾತ್ರಿ ವಿಮಾನಕ್ಕೆ ವಾಪಸ್. ಅಲ್ಲೀವರೆಗೂ ಸ್ವಲ್ಪ ಸುತ್ತಾಡಿಸ್ತೀರಾ? ಪಾಪ, ಇಷ್ಟು ದೂರ ಬಂದು ನಮ್ಮ ಸರೋವರದ ಕಾರಂಜಿನೂ ನೋಡ್ದೆ ಹೋದ್ರೆ ಚೆನ್ನಾಗಿರಲ್ಲ."

ಅವರ ಹೆಸರು ಮಾರೇವಾ. ಅವರ ಕಡೆ ಹೆಂಗಸರ ಹೆಸರಿನ ಮುಂದೆ 'ನೇಯ್' ಸೇರಿಸುತ್ತಾರಂತೆ, ನಾನೂ ಹಾಗೇ ಕರೆದೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಸಣ್ಣ ಆಳು. ಯಾರೋ ಕೊಟ್ಟ ಗಂಡಸರ ಕೋಟು ಮೊಣಕಾಲು ದಾಟಿತ್ತು. ಸರೋವರದ ದಂಡೆಗೆ ಬರುವಷ್ಟರಲ್ಲಿ ಉತ್ತರದ ಗಾಳಿ ಕಿವಿ ಕೊಯ್ಯುತ್ತಿತ್ತು. ಕಾರಂಜಿ ಇರಬೇಕಾದ ಕಡೆ ಬರೀ ಆಕಾಶ.

"ಎಲ್ಲಿದೆ?" ಎಂದರು.

"ಗಾಳಿ ಜೋರಿದ್ರೆ ನಿಲ್ಲಿಸ್ತಾರೆ, ನೇಯ್ ಮಾರೇವಾ. ಇಲ್ದಿದ್ರೆ ನೀರೆಲ್ಲ ದಾರಿ ಮೇಲೆ ಬೀಳುತ್ತೆ, ಜನಕ್ಕೆ ತೊಂದ್ರೆ."

"ಹಾಗಾದ್ರೆ ನೀರನ್ನ ನಿಲ್ಲಿಸಕ್ಕೆ ನಿಮಗೆ ಬರುತ್ತೆ."

ಅವರು ಚುಚ್ಚಲಿಕ್ಕೆ ಹೇಳಿದ್ದಲ್ಲ. ನನಗೆ ಮಾತ್ರ ಚುಚ್ಚಿತು.

ಹಳೆ ಪೇಟೆಯ ಏರು ಹತ್ತುತ್ತಾ, ತಾವು ಬಂದ ಕಾರಣ ಹೇಳಿದರು. ಅವರ ದ್ವೀಪದ ಬಾವಿಗಳಿಗೆಲ್ಲ ಸಮುದ್ರ ನುಗ್ಗಿ ನೀರು ಉಪ್ಪಾಗಿದೆ. ಗಯೆತಾನನ ಸಂಸ್ಥೆ ಕಳಿಸುವ ಹಡಗಿನ ನೀರೇ ಕುಡಿಯಲಿಕ್ಕೆ. ಈಗ ಇಲ್ಲಿ ಯಾರೋ, ಆ ದ್ವೀಪ ಖಾಲಿಯಾಗಿದೆ, ಜನ ಬಿಟ್ಟುಹೋಗಿದ್ದಾರೆ ಎಂದು ತೀರ್ಮಾನಿಸಿದ್ದಾರೆ. ಸಮಿತಿ ಒಪ್ಪಿದರೆ ಹಡಗು ನಿಲ್ಲುತ್ತದೆ.

"ಬಿಟ್ಟು ಹೋದವರು ಹೋದ್ರು. ನಾವು ಎಷ್ಟೋ ಮನೆಯವರು ಇದ್ದೀವಿ. ಮೂರು ನಿಮಿಷ ಕೊಟ್ಟಿದಾರೆ ನಂಗೆ. ಇದ್ದೀವಿ ಅನ್ನಕ್ಕೆ ಅಷ್ಟು ಸಾಕು."

ಮಿಠಾಯಿ ಅಂಗಡಿಯ ಗಾಜಿನ ಹಿಂದೆ ಚಾಕೊಲೇಟ್ ಗಡಿಗೆಗಳ ಸಾಲು ಕಂಡು ನಿಂತರು. ಎಸ್ಕಲಾದ್ ಹಬ್ಬದ ವಾರ ಅದು. ನಾನೂರು ವರ್ಷದ ಹಿಂದೆ ರಾತ್ರೋರಾತ್ರಿ ಕೋಟೆ ಹತ್ತಿ ಬಂದ ಶತ್ರುಗಳ ತಲೆಯ ಮೇಲೆ ನಮ್ಮ ಊರಿನ ಒಬ್ಬ ತಾಯಿ ಕುದಿಯುವ ತರಕಾರಿ ಸಾರು ಸುರಿದಳಂತೆ, ಅದರ ನೆನಪಿಗೆ ಈ ಗಡಿಗೆ. ಒಳಗೆ ಬಾದಾಮಿ ಹಿಟ್ಟಿನ ಕ್ಯಾರೆಟ್, ಬಟಾಣಿ.

"ಕೋಣೆಯಲ್ಲಿರೋ ಎಲ್ರಿಗಿಂತ ಹಿರಿಯರು, ಎಲ್ರಿಗಿಂತ ಕಿರಿಯರು, ಇಬ್ರೂ ಕೈ ಹಿಡ್ಕೊಂಡು ಗುದ್ದಿ ಒಡೀಬೇಕು," ಎಂದೆ. "ಅವರು ಒಡೆಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಮಂತ್ರಿ ಬಂದ್ರೂ?"

"ಯಾರ್ ಬಂದ್ರೂ."

"ಒಳ್ಳೆ ಪದ್ಧತಿ," ಎಂದು ನಕ್ಕರು. ಅವರ ತುಟಿ ನೀಲಿಯಾಗಿತ್ತು. ಇನ್ನು ಸುತ್ತಿಸಿದರೆ ಆಸ್ಪತ್ರೆಗೇ ಸೇರಿಸಬೇಕಾದೀತೆಂದು ಹೊತ್ತಿಗೆ ಮೊದಲೇ ಬಸ್ಸು ಹಿಡಿದು ಸಂಸ್ಥೆಗೆ ಬಂದೆವು.

ಬಾಗಿಲಲ್ಲೇ ಗಯೆತಾನ್ ಸಿಕ್ಕ, ಎರಡು ಕೈಯಲ್ಲಿ ದೊಡ್ಡ ಚಾಕೊಲೇಟ್ ಗಡಿಗೆ. ನಮ್ಮನ್ನು ನೋಡಿ ಮುಖ ಹುಳ್ಳಗಾಯಿತು.

"ಇಷ್ಟು ಬೇಗ ಬಂದ್ಬಿಟ್ರಾ."

"ಚಳಿ. ಸಭೆವರೆಗೂ ಒಳಗೆ ಕೂರ್ತಾರೆ."

"ಸಭೆ…" ಎಂದು ಗಡಿಗೆಯನ್ನೇ ನೋಡಿದ. "ಬೆಳಿಗ್ಗೇನೇ ಮುಗೀತು, ಓಡಿಲ್. ಹಬ್ಬ ಅಲ್ವಾ, ಎಲ್ರಿಗೂ ಬೇಗ ಹೊರಡಬೇಕಿತ್ತು. ಮುಂದಕ್ಕೆ ಹಾಕೋ ಬದಲು ಮುಂಚೇನೇ ಮಾಡಿದ್ವಿ."

"ಇವರ ಮಾತು?"

"ಯಾರೂ ಎದ್ದು ಮಾತಾಡ್ಲಿಲ್ಲ ಅಂತ ಹಡಗು ನಿಲ್ಲಿಸೋದಕ್ಕೆ ಹಾಗೇ ಒಪ್ಪಿದ್ರು."

"ನಿಂಗೆ ಫೋನ್ ಇರ್ಲಿಲ್ವಾ?"

"ನೀವು ಆರಾಮಾಗಿ ಊರು ನೋಡ್ತಿರ್ತೀರಿ, ಯಾಕೆ ಕೆಡಿಸ್ಬೇಕು ಅಂದ್ಕೊಂಡೆ."

ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲೇ ನಿಲ್ಲಿಸಿಕೊಂಡು ಅವನಿಗೆ ಮಂಗಳಾರತಿ ಎತ್ತಿದೆ. ಕುಡಿಯುವ ನೀರಿಗಾಗಿ ಸಮುದ್ರ ದಾಟಿ ಬಂದವರನ್ನು ಊರು ನೋಡಲು ಕಳಿಸಿ, ಅವರ ಬೆನ್ನ ಹಿಂದೆ ಅವರಿಲ್ಲ ಎಂದು ತೀರ್ಮಾನ ಮಾಡಿದಿರಾ ಎಂದೆ. ಆ ಕೆಲಸಕ್ಕೆ ನನ್ನನ್ನೇ ಬಳಸಿಕೊಂಡೆಯಲ್ಲೋ ಎಂದೆ. ನೇಯ್ ಮಾರೇವಾ ನನ್ನ ತೋಳು ಹಿಡಿದರು.

"ಅವರೆಲ್ಲ ಹೊರಟುಹೋದ್ರಾ?"

"ಇಲ್ಲ," ಎಂದ ಗಯೆತಾನ್. "ಮೇಲಿದಾರೆ. ಇದನ್ನ ಒಡೆದು ಹೊರಡ್ತಾರೆ."

"ಹಾಗಾದ್ರೆ ನಡಿ," ಎಂದರು ನೇಯ್ ಮಾರೇವಾ.

ಮೇಲಿನ ಕೋಣೆಯಲ್ಲಿ ಸಮಿತಿಯವರೆಲ್ಲ ವೈನ್ ಲೋಟ ಹಿಡಿದು ನಿಂತಿದ್ದರು, ಕೆಲವರು ಆಗಲೇ ಕೋಟು ಹಾಕಿಕೊಂಡು. ಗಡಿಗೆ ಮೇಜಿನ ಮೇಲೆ ಕೂತಿತು. ಎಲ್ಲರಿಗಿಂತ ಕಿರಿಯವನು ಗಯೆತಾನ್, ಪ್ರತಿವರ್ಷದ ಹಾಗೆ. ಹಿರಿಯರೆಂದು ಅಧ್ಯಕ್ಷೆ ಮುಂದೆ ಬಂದರು. ನನ್ನ ಬಾಯಿ ಅಲ್ಲಿ ಕೆಲಸಕ್ಕೆ ಬಂತು.

"ತಾಳಿ ಮದಾಂ. ನಿಮಗಿಂತ ಹಿರಿಯರು ಇಲ್ಲಿದಾರೆ."

ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ಎಷ್ಟು ಚೆಂದ, ದೂರದ ಅತಿಥಿ ಎಂದರು. ಒಬ್ಬರು ಫೋನ್ ತೆಗೆದು ಫೋಟೋಗೆ ಸಿದ್ಧರಾದರು. ನೇಯ್ ಮಾರೇವಾ ಗಯೆತಾನನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಗಡಿಗೆಯ ಮೇಲೆ ಎತ್ತಿ ಹಿಡಿದರು. ಇಳಿಸಲಿಲ್ಲ.

"ನಂಗೆ ಮೂರು ನಿಮಿಷ ಕೊಟ್ಟಿದ್ರಿ," ಎಂದರು.

ಅಧ್ಯಕ್ಷೆಯ ನಗು ಅರ್ಧಕ್ಕೆ ನಿಂತಿತು. "ಕ್ಷಮಿಸಿ, ಸಭೆ ಮುಗಿದಿದೆ. ಮುಂದಿನ ವರ್ಷ ಮೊದಲು ನಿಮ್ಮ ಮಾತೇ ಕೇಳ್ತೀವಿ."

"ಮುಂದಿನ ವರ್ಷದ ಹೊತ್ತಿಗೆ ನೀವು ಹೇಳಿದ್ದೇ ನಿಜ ಆಗಿರುತ್ತೆ. ಅಲ್ಲಿ ಯಾರೂ ಇರಲ್ಲ."

ಕೋಟು ಹಾಕಿಕೊಂಡವರು ಬಾಗಿಲ ಕಡೆ ನೋಡಿದರು, ಗಡಿಗೆಯ ಕಡೆ ನೋಡಿದರು. ಒಡೆಯದ ಗಡಿಗೆಯನ್ನು ಬಿಟ್ಟು ಹೊರಡುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಇಡೀ ದ್ವೀಪವನ್ನು ಬಿಟ್ಟು ಹೊರಡುವ ಧೈರ್ಯ ಎಲ್ಲರಿಗೂ ಇತ್ತು.

"ಮದಾಂ," ಎಂದ ಗಯೆತಾನ್, ತಲೆ ತಗ್ಗಿಸಿಯೇ. "ನಡಾವಳಿ ನಾನಿನ್ನೂ ಬರೆದಿಲ್ಲ. ಇವರ ಕೈ ನನ್ನ ಕೈಲಿದೆ. ಅಲ್ಲಿ ಯಾರೂ ಇಲ್ಲ ಅಂತ ನಾನು ಹೇಗೆ ಬರೀಲಿ?"

ಅಧ್ಯಕ್ಷೆ ಲೋಟ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. "ಎಲ್ರೂ ಕೂತ್ಕೊಳ್ಳಿ," ಎಂದರು. ಕೋಟುಗಳು ಒಂದೊಂದಾಗಿ ಕಳಚಿದವು. ನೇಯ್ ಮಾರೇವಾ ಮಾತಾಡಿದರು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾವ ಮಗು ಹೊಸದಾಗಿ ಹುಟ್ಟಿದೆ ಎಂದು ಹೆಸರು ಹಿಡಿದು ಹೇಳಿದರು. ಹಡಗು ನಿಲ್ಲಿಸುವ ತೀರ್ಮಾನವನ್ನು ಅಲ್ಲೇ ಕೈಬಿಟ್ಟರು, ಸದ್ಯಕ್ಕೆ. ಆಮೇಲೆ ಗಡಿಗೆ ಒಡೆಯಿತು. ಐದು ನಿಮಿಷದಲ್ಲಿ ಎಲ್ಲರೂ ಚಾಕೊಲೇಟ್ ಚೂರು ಬಾಯಿಗೆ ಹಾಕಿಕೊಂಡು ಏನೂ ಆಗದವರಂತೆ ನಗುತ್ತಿದ್ದರು. ಬದುಕಿದ್ದೇನೆ ಎಂದು ಹೇಳಲು ಒಬ್ಬ ಹೆಂಗಸು ಇವರ ಸಿಹಿಯನ್ನು ಒತ್ತೆ ಇಟ್ಟುಕೊಳ್ಳಬೇಕಾಯಿತಲ್ಲ ಎಂದು ನನ್ನ ಪಾಲಿನ ಚೂರನ್ನು ಮೇಜಿನ ಮೇಲೇ ಬಿಟ್ಟೆ.

ಸಂಜೆ ಅವರನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ಯುವಾಗ ಗಾಳಿ ಇಳಿದಿತ್ತು. ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಕಾರಂಜಿ ಕಂಡಿತು, ದೀಪದ ಬೆಳಕಿನಲ್ಲಿ ಮುಗಿಲೆತ್ತರಕ್ಕೆ ಚಿಮ್ಮುತ್ತಿತ್ತು. "ಅದೇ," ಎಂದೆ.

ಕಿಟಕಿಯ ಮಂಜು ಒರೆಸಿ ನೋಡಿದರು.

"ಸಿಹಿ ನೀರಾ?"

"ಹೂಂ. ಸರೋವರದ್ದು."

"ಯಾತಕ್ಕೆ ಹಾರಿಸ್ತಾರೆ?"

ಇಷ್ಟು ವರ್ಷ ಅದರ ಎತ್ತರ, ಅದರ ವೇಗ, ಅದರ ಚರಿತ್ರೆ ಎಲ್ಲವನ್ನೂ ಬಂದವರಿಗೆ ಒದರಿದವಳು ನಾನು. ಬಸ್ಸು ಸೇತುವೆ ದಾಟಿತು. ಯಾತಕ್ಕೆ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.